ಬಿಳಿಪಟ್ಟಿಯ ಪೈನ್ ಮರ

ಅಂಗೈಯಗಲದ ಹಕ್ಕಿಯೊಂದು ಸಾರ್ಜೆಂಟ್ ವರ್ನನ್‌ನ ಹೊಟ್ಟೆ ಉರಿಸಿತ್ತು. ಜಾರ್ಜಿಯಾದ ಆ ಸೇನಾನೆಲೆಯಲ್ಲಿ ಹುಡುಗರಿಗೆ ಗುಂಡು ಹೊಡೆಯುವುದನ್ನು ಕಲಿಸುತ್ತಲೇ ಅವನ ತಲೆ ನರೆತಿತ್ತು. ಮೈದಾನದ ನಟ್ಟನಡುವಿನ ಪೈನ್ ಮರದ ಪೊಟರೆಯಲ್ಲಿ ಅಳಿವಿನಂಚಿನ ಮರಕುಟಿಗ ಮರಿ ಮಾಡಿದ್ದೇ ತಡ, ಮೇಲಿನವರು ಯಾರೂ ಮುಟ್ಟಬಾರದೆಂದು ಮರಕ್ಕೆ ಬಿಳಿಪಟ್ಟಿ ಬಳಿದರು, ಗುಂಡಿನ ಅಭ್ಯಾಸ ನಿಲ್ಲಿಸಿ ಮೈದಾನದ ಗೇಟಿಗೆ ಬೀಗ ಜಡಿದರು. ಬೀಗದ ಕೈ ಹಕ್ಕಿ ನೋಡಿಕೊಳ್ಳುವ ಒಡೆಸ್ಸಾಳಿಗೊಂದು, ಅವನಿಗೊಂದು.

"ಏನ್ ಸಾರ್, ಪಾಪುಗಳು ಮಲಗಿದ್ವಾ?" ಊಟದ ಸಾಲಿನಲ್ಲಿ ಹುಡುಗರು ಕಿಸಕ್ಕೆನ್ನುತ್ತಿದ್ದರು. ಆ ಮೈದಾನ ಬಿಟ್ಟರೆ ಅವನ ಬದುಕಿನಲ್ಲಿ ಬೇರೇನೂ ಇರಲಿಲ್ಲ.

ಗುಂಡಿಟ್ಟರೆ ಜೈಲು. ವಿಷ ಹಾಕಿದರೂ ಅಷ್ಟೇ. ಹಾವು ತಿಂದರೆ? ಹಾವಿನ ಮೇಲೆ ಯಾವ ಕೋರ್ಟು ಕೇಸು ಹಾಕೀತು! ಗೂಡು ಬರಿದಾದರೆ ಬಿಳಿಪಟ್ಟಿ ಹೋಗುತ್ತದೆ, ಬೀಗ ತೆರೆಯುತ್ತದೆ. ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಶೆಡ್ಡಿನ ಹಿಂದೆ ಕೇರೆಹಾವುಗಳಿಗೇನು ಬರ! ಒಂದನ್ನು ಹಿಡಿದು ಚೀಲದಲ್ಲಿ ಉಪವಾಸ ಕೆಡವಿದ. ತಲೆನೋವಾಗಿದ್ದು ಅಂಟು. ಹಾಳು ಹಕ್ಕಿ ದಿನವಿಡೀ ಪೊಟರೆಯ ಸುತ್ತ ತೊಗಟೆ ಕುಕ್ಕಿ ಕುಕ್ಕಿ ಮರದ ಮೈತುಂಬ ಅಂಟು ಇಳಿಸಿತ್ತು. ಬಟ್ಟೆಗೆ ತಾಗಿದರೆ ಸತ್ತರೂ ಬಿಡದು. ವರ್ನನ್ ಅಷ್ಟು ದಡ್ಡನೇ? ಹಳೆಯ ಮಳೆಕೋಟು, ಕೈಗವಸು ತೊಟ್ಟ. ಏಣಿ ತಾಗುವ ಕಡೆ ಗೋಣಿ ಕಟ್ಟಿದ. ಎಲ್ಲರೂ ಚರ್ಚಿಗೆ ಹೋದ ಭಾನುವಾರ ಏಣಿಯೇರಿ, ಚೀಲದ ಬಾಯಿಯನ್ನು ನೇರ ಪೊಟರೆಗೆ ಹಿಡಿದ. ಒಳಗೆ ಚೀರಾಟ ಜೋರಾಯಿತು, ಆಮೇಲೆ ನಿಂತೇಹೋಯಿತು. ಕೋಟು, ಗವಸು, ಗೋಣಿ ಎಲ್ಲವನ್ನೂ ಸುಟ್ಟು ಬೂದಿಯನ್ನು ತೊರೆಗೆ ಚೆಲ್ಲಿದ. ಒಂದು ಹನಿ ಅಂಟೂ ಅವನ ಮೈಗೆ ತಾಗಿರಲಿಲ್ಲ.

ಮರುದಿನ ಒಡೆಸ್ಸಾ ಬಂದಾಗ ಏಣಿ ಹಿಡಿಯಲು ಅವನೇ ಮುಂದಾದ. ಆಕೆ ಹೊಟ್ಟೆಯುಬ್ಬಿದ ಹಾವನ್ನು ಪೊಟರೆಯಿಂದ ನೇರ ಚೀಲಕ್ಕೇ ಇಳಿಸಿಕೊಂಡು ಕೆಳಗೆ ಬಂದಳು. ಕಣ್ಣು ತುಂಬಿತ್ತು.

"ಛೇ! ಏನ್ ಮಾಡೋದು ಮೇಡಂ, ಹಾವಿನ ಬುದ್ಧೀನೇ ಅಷ್ಟು," ಎಂದ ವರ್ನನ್, ಟೋಪಿ ತೆಗೆದು.

ಒಡೆಸ್ಸಾ ಹಾವನ್ನು ಚೀಲದಿಂದ ತೆಗೆದು, ಗವಸು ಕಳಚಿ ಅದರ ಹೊಟ್ಟೆಯುದ್ದಕ್ಕೂ ಬರಿಗೈ ಸವರಿದಳು. ಮತ್ತೊಮ್ಮೆ ಸವರಿದಳು. "ಸಾರ್ಜೆಂಟ್ರೇ, ಈ ಹಕ್ಕಿ ಯಾಕೆ ಕುಕ್ಕಿ ಕುಕ್ಕಿ ಅಂಟು ಸುರಿಸತ್ತೆ ಗೊತ್ತಾ? ಹಾವು ಮರ ಹತ್ತಬಾರದು ಅಂತ. ಹೆಂಗೋ ಹತ್ತಿದ್ರೂ ಮೈಗೆಲ್ಲ ಮೆತ್ಕೊಂಡಿರ್ಬೇಕು." ಅಂಗೈಯನ್ನು ಅವನ ಮುಖದೆದುರು ಹಿಡಿದಳು. ಅದಕ್ಕೆ ಏನೂ ಅಂಟಿರಲಿಲ್ಲ. ಆಕೆಯ ಕಣ್ಣು ನಿಧಾನವಾಗಿ ಅವನ ಸೊಂಟದಲ್ಲಿ ತೂಗುತ್ತಿದ್ದ ಕೀಲಿಗೆ ಇಳಿಯಿತು. "ಗೇಟಿನ ಬೀಗದ ಕೈ ನಮ್ಮಿಬ್ರ ಹತ್ರ ಮಾತ್ರ ತಾನೇ ಇರೋದು?"