ಉತ್ತರಕ್ಕೆ ಜಾರಿದ ಸಮುದ್ರ

"ಮಾತು ಕೇಳಿದ್ರ ಗಾರೆ ಹೊರೋರ ಪೈಕಿ ಅನಸ್ತಾನ, ಪಂಕಜಾ. ಅಂಥಾಂವಗ ಇಲ್ಲಿ ಸಾಹೇಬನ್ನ ಮಾಡಿ ಕುಂಡ್ರಿಸ್ಯಾರ."

ಫೋನಿನಲ್ಲಿ ಚಿಕ್ಕಮ್ಮನ ಮಗಳು ಪಂಕಜಾಕ್ಷಿಗೆ ಹೀಗೆ ಹೇಳಿ ನೀತಾ ನಕ್ಕಳು. ಕೆಲಸಕ್ಕೆ ಸೇರಿದ ಮೊದಲ ದಿನವೇ, ತಡವಾಗಿ ಬಂದಳೆಂದು ಎಲ್ಲರೆದುರು ಬೈದವನ ಮೇಲಿನ ಸಿಟ್ಟದು. ಪುಣೆಯ ವಿಮಾನ ನಗರದ ಆ ಆಫೀಸಿನಲ್ಲಿ ಎಲ್ಲರದೂ ಮರಾಠಿ. ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ.

ಹಾಗೆ ಬೈದವನೇ, ಎದುರಿನ ಟೇಬಲ್ಲಿನ ಅಂಬಾದಾಸ, ನಿಧಾನವಾಗಿ ತಲೆಯೆತ್ತಿದ.

"ಅನಸೂದೇನ್ರಿ, ಖರೇನ ಅದ. ನಮ್ಮಪ್ಪ ಗಾರೆ ಕಲಸ್ತಾನ, ನಮ್ಮವ್ವ ಹೊರತಾಳ. ಸೇಡಂ ಕಡಿಯವರು ನಾವು. ಫೋನ್ ಇಟ್ಟು ಕೆಲಸಾ ನೋಡ್ರಿ."

ಅಚ್ಚ ಕನ್ನಡ!

ನೀತಾಳ ಕೈಯಲ್ಲಿ ರಿಸೀವರ್ ಹಾಗೇ ಉಳಿಯಿತು. ಅವನು ಮತ್ತೆ ಕಂಪ್ಯೂಟರಿನತ್ತ ತಿರುಗಿಬಿಟ್ಟಿದ್ದ. ಕ್ಷಮೆ ಕೇಳಬೇಕು ಅನ್ನಿಸಿತು, ನಾಲಿಗೆ ಏಳಲಿಲ್ಲ. ವಿಜಾಪುರದಿಂದ ಬಂದು ಪುಣೆಯಲ್ಲಿ ಬಟ್ಟೆ ಅಂಗಡಿ ಇಟ್ಟ ರಾಮಲಿಂಗಪ್ಪನ ಮಗಳು ಅವಳು. ತಲೆ ತಗ್ಗಿಸುವುದು ಆ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಅದು ಎರಡು ಸಾವಿರದ ಮೂರನೇ ಇಸವಿ. ಆ ಪುಟ್ಟ ಕಂಪನಿಯ ಕೆಲಸವೇ ವಿಚಿತ್ರ. ಉಪಗ್ರಹ ಆಕಾಶದಿಂದ ಸಮುದ್ರದ ಮೇಲ್ಮೈಯ ಏರಿಳಿತ ಅಳೆಯುತ್ತದೆ. ಅದರಿಂದ ಎಲ್ಲಿ ಗುರುತ್ವ ಹೆಚ್ಚು, ಎಲ್ಲಿ ಕಡಿಮೆ ಎಂಬ ಲೆಕ್ಕ ಸಿಗುತ್ತದೆ. ಇಡೀ ಜಗತ್ತಿನ ಸಮುದ್ರಗಳ ಆ ಲೆಕ್ಕ ಒಂದೇ ದೊಡ್ಡ ಫೈಲಿನಲ್ಲಿರುತ್ತದೆ. ಗಿರಾಕಿ ಕೇಳಿದಷ್ಟು ಭಾಗವನ್ನು ಅದರಿಂದ ಕತ್ತರಿಸಿ, ಚೌಕ ಚೌಕವಾಗಿ ಹೊಂದಿಸಿ, ನಕ್ಷೆ ಮಾಡಿ ಕೊಡಬೇಕು. ಅದಕ್ಕೆ ಗ್ರಿಡ್ ಅನ್ನುತ್ತಿದ್ದರು.

ಈ ಸಲ ಬೇಕಾಗಿದ್ದುದು ರತ್ನಾಗಿರಿ ಎದುರಿನ ಸಮುದ್ರ. ಗ್ರಿಡ್ ತೋರಿಸಿದ ಜಾಗಕ್ಕೇ ಗಿರಾಕಿಯ ಸರ್ವೆ ಹಡಗು ಹೊರಡುವುದಿತ್ತು. ಗ್ರಿಡ್ ಅಂಬಾದಾಸನದು, ಅದನ್ನು ಸ್ವತಂತ್ರವಾಗಿ ಮತ್ತೊಮ್ಮೆ ಮಾಡಿ ತಾಳೆ ನೋಡುವ ಕೆಲಸ ನೀತಾಳದು.

ಎರಡೂ ತಾಳೆಯಾಗಲಿಲ್ಲ.

"ನಿಮ್ಮ ಗ್ರಿಡ್ ಉತ್ತರಕ್ಕ ಜಾರೇದ," ನೀತಾ ನಕ್ಷೆಯನ್ನು ಅವನ ಟೇಬಲ್ಲಿನ ಮೇಲೆ ಹಾಸಿದಳು. "ಹಳೀ ಫೈಲಿನಾಗ ಸಾಲುಗಳ ಅಂತರ ಎಲ್ಲಾ ಕಡೆ ಒಂದ ಇತ್ತು. ಈ ಹೊಸಾ ಫೈಲಿನಾಗ ಉತ್ತರಕ್ಕ ಹೋದಂಗ ಅಂತರ ಸಣ್ಣದಾಗ್ತದ. ನಿಮ್ಮ ಪ್ರೋಗ್ರಾಮು ಹಳೀ ಲೆಕ್ಕದಾಗ ಕತ್ತರಿಸೇದ."

ಅವನು ನಕ್ಷೆಯನ್ನು ನೋಡಲೂ ಇಲ್ಲ.

"ನಾ ಇಲ್ಲಿ ಭಾಳ ವರ್ಷ ಆತು ಕೆಲಸಾ ಮಾಡ್ಲಿಕ್ಕೆ. ನಿಮ್ಮ ಕಡಿಂದ ಕಲಿಯೂದೇನಿಲ್ಲ."

"ಒಮ್ಮೆ ನೋಡಿದ್ರ ನಿಮ್ಮ ಗಂಟೇನ್ ಹೋಗ್ತದ?"

"ನೋಡಂಗಿಲ್ಲ. ಒಯ್ಯಿರಿ."

ನೀತಾ ಮಾಲೀಕ ಸ್ವಪ್ನಿಲ್ ಬಳಿ ಹೋದಳು. ಅವನು ಅಂಬಾದಾಸನನ್ನು ಕರೆಸಿ ಕೇಳಿದ. ಅಂಬಾದಾಸ ಮರಾಠಿಯಲ್ಲಿ ಹೇಳಿದ್ದು ಒಂದೇ ಮಾತು: "ಅವರು ಹೊಸಬರು, ತಪ್ಪು ಮಾಡಿರುತ್ತಾರೆ." ಅಲ್ಲಿಗೆ ಮುಗಿಯಿತು. ನೀತಾಳನ್ನು ಗ್ರಿಡ್ ಕೆಲಸದಿಂದ ತೆಗೆದು, ನಕ್ಷೆಗಳನ್ನು ಪ್ರಿಂಟ್ ಹಾಕುವ ಕೋಣೆಗೆ ಕಳಿಸಿದರು.

ಎಂಥಾ ಸೊಕ್ಕು ಇವನಿಗೆ... ನೀತಾ ಹಲ್ಲು ಕಚ್ಚಿದಳು. ಆದರೆ ಮನಸ್ಸಿನ ಒಳಗೆಲ್ಲೋ ಇನ್ನೊಂದು ದನಿ: ಅವತ್ತು ನೀ ಆಡಿದ ಮಾತು?

ಎರಡೂ ಬೇರೆ ಬೇರೆ. ಗ್ರಿಡ್ ತನ್ನದೇ ಸರಿ. ಆ ಮಾತು ಮಾತ್ರ ತನ್ನದೇ ತಪ್ಪು.

ಮಧ್ಯಾಹ್ನ ಚಹಾದ ಹೊತ್ತಿಗೆ ಅವಳು ಅವನೆದುರು ನಿಂತಳು. "ನಾ ಫೋನಿನಾಗ ಆಡಿದ ಮಾತು ತಪ್ಪಾತ್ರಿ. ಅವತ್ತ ಹೇಳಬೇಕಿತ್ತು. ಬಾಯಿ ಬರಲಿಲ್ಲ."

ಅಂಬಾದಾಸನ ತುಟಿ ಕೊಂಕಿತು. "ನಿಮ್ಮ ಗ್ರಿಡ್ ಪಾಸ್ ಆಗಬೇಕಂದ್ರ ಕ್ಷಮಾ ಕೇಳೂದಕ್ಕೂ ತಯಾರದೀರಿ."

ನೀತಾಳ ಕಣ್ಣಲ್ಲಿ ನೀರು ತುಂಬಿತು. ಅದನ್ನು ಅವನಿಗೆ ತೋರಿಸಬಾರದೆಂದೇ ಬೆನ್ನು ತಿರುಗಿಸಿ ನಡೆದಳು. ಇವನ ಮುಖ ಇನ್ನು ನೋಡುವುದಿಲ್ಲ!

ನೋಡುವುದಿಲ್ಲ ಎಂದುಕೊಂಡವಳು ಮರುದಿನ ಬಂದೊಡನೆ ನೋಡಿದ್ದು ಅವನ ಕುರ್ಚಿಯನ್ನೇ. ಅದು ಖಾಲಿಯಿತ್ತು; ಅವನು ಅಂದು ರಜೆ ಹಾಕಿದ್ದ. ಜಗಳವಿಲ್ಲದ ಆ ಬೆಳಿಗ್ಗೆ ಯಾಕೋ ಸಪ್ಪೆಯೆನಿಸಿತು. ಹಾಗನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಗಿರಾಕಿಗಳು ಬರುವ ದಿನ ನಕ್ಷೆಗಳನ್ನು ಗೋಡೆಗೆ ಅಂಟಿಸಲು ನೀತಾಳನ್ನು ಕರೆದರು. ಅಂಬಾದಾಸ ಮಾತಾಡಲು ಎದ್ದು ನಿಂತ. ಮುಖ ಬಿಳಿಚಿಕೊಂಡಿತ್ತು.

"ಈ ನಕ್ಷೆ ನಂಬಿ ಹಡಗು ಕಳಿಸಬೇಡಿ," ಎಂದ ಮರಾಠಿಯಲ್ಲಿ.

ಗಿರಾಕಿಗಳು ಸ್ವಪ್ನಿಲ್‌ನತ್ತ ತಿರುಗಿದರು.

"ಅಲ್ಲಿ ಸಮುದ್ರದೊಳಗೆ ಮುಳುಗಿದ ಒಂದು ದಿಬ್ಬವಿದೆ. ಅದು ಎಲ್ಲಿದೆ ಅಂತ ನಾವಿಕರ ನಕ್ಷೆ ಹೇಳುತ್ತದೆ. ನಿನ್ನೆ ನನ್ನ ಗ್ರಿಡ್ಡನ್ನು ಅದರ ಮೇಲೆ ಇಟ್ಟು ನೋಡಿದೆ. ದಿಬ್ಬವಿದ್ದಲ್ಲಿ ಗುರುತ್ವ ಹೆಚ್ಚಿರಬೇಕು; ನನ್ನ ಗ್ರಿಡ್ ಅದನ್ನು ದೂರ ಉತ್ತರಕ್ಕೆ ತೋರಿಸುತ್ತದೆ. ನೀತಾ ಅವರ ಗ್ರಿಡ್ಡಿನಲ್ಲಿ ಅದು ಇರಬೇಕಾದಲ್ಲೇ ಇದೆ. ಅವರು ಮೊದಲೇ ಹೇಳಿದ್ದರು. ಅವರ ಮೇಲೆ ಸಿಟ್ಟಿತ್ತು, ಅದಕ್ಕೇ ನಾನು ನೋಡಲಿಲ್ಲ. ಬೇರೆ ಕಾರಣವಿಲ್ಲ."

ಸುಮ್ಮನಿದ್ದಿದ್ದರೆ ಹಡಗು ಹೋಗಿ ಬರುವವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಂದ ಮೇಲೂ ಹೊಸ ಹುಡುಗಿಯ ತಲೆಗೆ ಕಟ್ಟಬಹುದಿತ್ತು.

ಸ್ವಪ್ನಿಲ್ ಅಂದೇ ಆ ಕೆಲಸವನ್ನು ಅವನಿಂದ ಕಿತ್ತು ನೀತಾಳಿಗೆ ಕೊಟ್ಟ. ಮರುದಿನದಿಂದ ಅಂಬಾದಾಸ ಬರಲಿಲ್ಲ. ಕೆಲಸ ಬಿಡುತ್ತಾನಂತೆ, ಹೈದರಾಬಾದಿಗೆ ಹೋಗುತ್ತಾನಂತೆ ಎಂಬ ಸುದ್ದಿ ಬಂತು.

ಗೆದ್ದವಳು ನೀತಾ. ಆದರೂ ಊಟ ಸೇರಲಿಲ್ಲ.

ಭಾನುವಾರ ಅವಳು ಲೋಕಲ್ ರೈಲು ಹತ್ತಿ, ಅಂಬಾದಾಸನ ಮನೆಯಿದ್ದ ಚಿಂಚವಾಡಕ್ಕೆ ಹೋದಳು. ವಿಚಾರಿಸುತ್ತ ಹೋಗಿ, ಕಾರ್ಮಿಕರ ಕಾಲನಿಯ ತಗಡಿನ ಮನೆಯೊಂದರ ಮುಂದೆ ನಿಂತಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಗಸು ತಲೆಯೆತ್ತಿದಳು. ಅಂಬಾದಾಸನ ತಾಯಿ ಸಾಬವ್ವ.

"ನಾ ನೀತಾ. ಆಫೀಸಿನಾಕಿ."

"ನೀನs ಏನವ್ವಾ ಆಕಿ?" ಸಾಬವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ದಿನಾ ನಿನ್ನ ಬೈತಿದ್ದ. ಇವತ್ತ ಹಸಿರ ಓಢಣಿ ಹಾಕ್ಕೊಂಡು ಬಂದಿದ್ಲು ಸೊಕ್ಕಿನಾಕಿ, ಅಂತಿದ್ದ. ಹಂಗ ನೋಡಿ ನೋಡಿ ಬೈಯೋರನ್ನ ನಾ ಕಂಡಿಲ್ಲ."

ನೀತಾಳಿಗೆ ನಗು ಬರಬೇಕಿತ್ತು, ಅಳು ಬಂತು. ಹೊಸ್ತಿಲಲ್ಲೇ ಕುಳಿತು, ತಾನು ಫೋನಿನಲ್ಲಿ ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು.

ಸಾಬವ್ವನ ಕೈ ನಿಂತಿತು. ಒಲೆಯ ಮೇಲಿನ ರೊಟ್ಟಿ ಸೀಯತೊಡಗಿತು.

"ಅಂವ ನನಗ ಇದನ್ನ ಹೇಳಲಿಲ್ಲ," ಎಂದಳು ಕೊನೆಗೆ. "ಈ ಮಾತು ನನಗ ಹೊಸಾದಲ್ಲವ್ವಾ. ಮನೀತನಕ ಬಂದು ತಪ್ಪಂದಾಕಿ ನೀನs ಮೊದಲು. ಒಳಗ ಬಾ. ಉಣ್ಣು."

ಹೊರಗೆ ಹೋಗಿದ್ದ ಅಂಬಾದಾಸ ಸಂಜೆ ಮರಳಿ, ಅವಳನ್ನು ಸ್ಟೇಷನ್ನಿಗೆ ಬಿಡಲು ಬಂದ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ.

"ಹೈದರಾಬಾದಿಗೆ ಯಾಕ ಹೊಂಟೀರಿ? ತಪ್ಪು ಒಪ್ಪಿಕೊಂಡಿರಿ, ಮುಗೀತಲ್ಲ."

"ತಪ್ಪಿಗಲ್ರಿ." ಅವನು ಹಳಿಗಳತ್ತ ನೋಡುತ್ತಿದ್ದ. "ನಿಮ್ಮನ್ನ ಅಳಸಿದೆ ಅವತ್ತು. ಬೆನ್ನು ತಿರುಗಿಸಿದ್ರೂ ನನಗ ಗೊತ್ತಾತು. ದಿನಾ ನಿಮ್ಮ ಎದುರು ಹೆಂಗ ಕುಂಡ್ರಲಿ?"

"ನೀವಿಲ್ದ ನಾ ಹೆಂಗ ಕುಂಡ್ರಲಿ? ಅದನ್ನ ವಿಚಾರ ಮಾಡೀರೇನು?"

ಅವನು ಈಗ ತಿರುಗಿ ನೋಡಿದ. ರೈಲು ಬಂತು. ಅವಳು ಏಳಲಿಲ್ಲ. ರೈಲು ಹೋಯಿತು.

"ನಿಮ್ಮಪ್ಪಾರು ಒಪ್ಪಂಗಿಲ್ರಿ."

"ಅವರ ಜೊತಿ ಜಗಳಾ ನಂದು. ನಿಮ್ಮ ಮನಸಿನಾಗ ಏನದ, ಅದನ್ನ ಹೇಳ್ರಿ."

"ನೀವs ಅದೀರಿ. ಭಾಳ ದಿವಸದಿಂದ. ಹೈದರಾಬಾದಿಗೆ ಹೋಗಂಗಿಲ್ರಿ."

"ಇನ್ನs 'ರೀ' ಅಂತೀರಿ?"

"ಮತ್ತ ಏನ್ ಅನ್ಲಿ?"

"ಹೆಸರು ಹಿಡದು ಕರೀರಿ, ಸಾಕು."

ಅವನು ಮೆಲ್ಲಗೆ ಕರೆದ.

"ನೀತಾ..."

"ಹ್ಞೂಂ," ಎಂದಳು ಅವಳು, ಅವನತ್ತ ಸರಿದು ಕುಳಿತು.