ಜಾರುದಾರಿಯ ನಡುವೆ ಒಂದು ಗುಂಡಿ

ಹನ್ನೊಂದು ದಿನ ಸಲಿಕೆ ಹಿಡಿದು ಔಕಾನ್ ಕಟ್ಟಿದ್ದ ಹಿಮದ ಜಾರುದಾರಿಯ ನಟ್ಟನಡುವೆ ಅವಳು ಎದೆಮಟ್ಟದ ಗುಂಡಿ ತೋಡಿ ನಿಂತಿದ್ದಳು.

ಅದೂ ಯಾವತ್ತು? ಜುಲೈ ರಜೆಯ, ಅಂದರೆ ಈ ಕಡೆಯ ನಡುಚಳಿಗಾಲದ ರಜೆಯ, ಮೊದಲ ಭಾನುವಾರ. ಕೆಳಗೆ ಬಸ್ಸುಗಳಿಂದ ಮಕ್ಕಳು ದಬದಬನೆ ಇಳಿಯುತ್ತಿದ್ದವು. ಚಳಿಗಾಲದಲ್ಲಿ ಕುರಾಲೆವ್ ಗುಡ್ಡಕ್ಕೆ ಜನ ಬರುವುದೇ ಈ ದಾರಿಯಲ್ಲಿ ಜಾರುವುದಕ್ಕೆ. ಗುಡ್ಡ ಮಾಪುಚೆ ಬುಡಕಟ್ಟಿನವರದು, ಅಂದರೆ ಔಕಾನನ ಊರಿನವರದು, ನಡೆಸುವವರೂ ಅವರೇ. ಯಾರ ಕೈಕಾಲೂ ಮುರಿಯದಂತೆ ನೋಡಿಕೊಳ್ಳಲು ಹಿರಿಯರು ಈ ವರ್ಷ ಒಬ್ಬರನ್ನು ಕರೆಸಿದ್ದರು. ಕರೆಸಿ ಕರೆಸಿ ಯಾರನ್ನು? ಕಿಂತುರಾಯಿಯನ್ನು. ಮೂರು ಚಳಿಗಾಲದ ಹಿಂದೆ ಅವನಿಗೆ ಒಂದು ಮಾತೂ ಹೇಳದೆ ಪಟ್ಟಣದ ಬಸ್ಸು ಹತ್ತಿದವಳನ್ನು.

"ಯಾರಿಗೆ ಸಮಾಧಿ ತೋಡ್ತಿದೀಯ?"

"ನಿಂಗೆ. ಇಳಿದು ನೋಡು, ಅಳತೆ ಸರಿ ಇದೆಯಾ ಅಂತ."

ಅವಳು ತಲೆ ಎತ್ತಲಿಲ್ಲ. ರೆಪ್ಪೆಗಳ ಮೇಲೆ ಹಿಮದ ಪುಡಿ, ಚಳಿಗೆ ಕೆಂಪೇರಿದ ಮೂಗು, ಟೋಪಿಯಿಂದ ಜಾರಿದ ಒಂದೇ ಒಂದು ಕೂದಲೆಳೆ. ಇಷ್ಟೆಲ್ಲ ತನ್ನ ಕಣ್ಣಿಗೆ ಬಿದ್ದದ್ದಕ್ಕೆ ಔಕಾನನಿಗೆ ತನ್ನ ಮೇಲೇ ಸಿಟ್ಟು ಬಂತು.

ಅವಳು ಗುಂಡಿಯ ಗೋಡೆಯನ್ನು ಬೆರಳಿನಿಂದ ಗೀಚಿ ತೋರಿಸಿದಳು. ಮೇಲೆ ಗಟ್ಟಿ ಪದರ, ಅದರಡಿ ಸಕ್ಕರೆಯಂತೆ ಉದುರುವ ಹಿಮ. ಜಾರಲು ಒಬ್ಬ ಕೂತರೂ ಮೇಲಿನದ್ದೆಲ್ಲ ಜಾರಿ ಬರುತ್ತದೆ, ಎರಡು ದಿನ ಈ ದಾರಿ ಬಂದ್, ಮಕ್ಕಳು ಕೆಳಗಿನ ಇಳಿಜಾರಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಆಡಲಿ ಎಂದಳು.

ಔಕಾನ್ ಬಾಯಿಗೆ ಬಂದದ್ದನ್ನೆಲ್ಲ ಅಂದ. ಪುಸ್ತಕ ಓದಿ ಗುಡ್ಡ ಕಲಿತವಳೆಂದ, ಊರಿನ ಅನ್ನ ತಿಂದು ಊರಿಗೇ ಬಾಗಿಲು ಹಾಕುವವಳೆಂದ. ಗುಡ್ಡ ಗಟ್ಟಿಯಿದೆಯೋ ಇಲ್ಲವೋ ಎಂದು ತಿಳಿಯಲು ಅವನ ತಾತ ಗುಂಡಿ ತೋಡುತ್ತಿರಲಿಲ್ಲ. ಅಂಚಿನ ಒಂಬತ್ತು ನಿತ್ಯಹಸಿರಿನ ಪೆವೆನ್ ಮರಗಳನ್ನು ನೋಡುತ್ತಿದ್ದ. ಕೊಂಬೆಗಳು ತಾವಾಗಿಯೇ ಹಿಮ ಉದುರಿಸಿದ್ದರೆ ಕೆಳಗಿನ ಹಿಮವೂ ಕೂತಿದೆ, ಹೋಗಬಹುದು. ಊರಿಗೆ ಊರೇ ಇಂದಿಗೂ ನಂಬುವುದು ಅದನ್ನೇ.

ಔಕಾನ್ ಮರಗಳ ಕಡೆ ಕೈ ಮಾಡಿದ. ಜನ ಸಾಲು ನಿಲ್ಲುವ ಜಾಗದ ಪಕ್ಕ ಒಂಬತ್ತೂ ಮರ ಹಿಮವಿಲ್ಲದೆ ಹಸಿರಾಗಿ ನಿಂತಿದ್ದವು.

"ಮರ ನೋಡೋದನ್ನೂ ಪಟ್ಟಣದಲ್ಲಿ ಮರೆತು ಬಂದ್ಯಾ?"

ಅವಳು ತಿರುಗಿ ನೋಡಿದಳು. ಮುಖ ಬಿಳಚಿಕೊಂಡಿತು. ಅದು ಅವಮಾನ ಎಂದುಕೊಂಡು ಔಕಾನನಿಗೆ ಹೊಟ್ಟೆ ತಣ್ಣಗಾಯಿತು. ಜಾರುಹಲಗೆ ಹೆಗಲಿಗೇರಿಸಿ ಮೇಲಕ್ಕೆ ಹತ್ತಿದ. ಹಿಂದಿನಿಂದ ಅವಳು ಏನೋ ಕೂಗುತ್ತಿದ್ದಳು. ಎದುರುಗಾಳಿಗೆ ಅವನ ಹೆಸರೊಂದೇ ಕೇಳಿಸಿತು. ಮೂರು ವರ್ಷದ ಮೇಲೆ ಆ ಬಾಯಲ್ಲಿ ಆ ಹೆಸರು. ಅದಕ್ಕೇ ಇನ್ನೂ ಬೇಗ ಹತ್ತಿದ.

ತುದಿಯಲ್ಲಿ ಹಲಗೆ ಇಟ್ಟು ಕೂತ. ಪಕ್ಕದ ಕೋಣೆಯಲ್ಲಿ ಹಿಟ್ಟಿನ ಮೂಟೆ ಕೆಡವಿದಂಥ ಸದ್ದು ನೆಲದೊಳಗಿಂದ ಬಂತು. ಹಲಗೆಯ ಮುಂದೆ ಒಂದು ಬಿರುಕು ಸರ್ರನೆ ಓಡಿತು. ಆಮೇಲೆ ಗುಡ್ಡವೇ ನಡೆಯತೊಡಗಿತು.

ಮಕ್ಕಳಿದ್ದಲ್ಲಿಗೆ ತಲುಪುವ ಮೊದಲೇ ಎಲ್ಲ ನಿಂತಾಗ ಔಕಾನ್ ಕಂಕುಳವರೆಗೆ ಹೂತುಹೋಗಿದ್ದ. ಬಲಗೈ ಮಾತ್ರ ಹೊರಗೆ. ಸುತ್ತಲಿನ ಹಿಮ ಸಿಮೆಂಟಿನ ಹಾಗೆ ಬಿಗಿದುಕೊಂಡಿತ್ತು. ಗುಂಡಿ ಬಿಟ್ಟು ಬದಿಗೆ ಹಾರಿದ್ದ ಕಿಂತುರಾಯಿ ಬಂಡೆಗಳ ಮೇಲಿಂದ ಬಂದಳು, ಓಡಿ ಅಲ್ಲ, ಹೆಜ್ಜೆಹೆಜ್ಜೆಗೂ ಮೇಲಕ್ಕೆ ಕಣ್ಣಿಡುತ್ತ. ಮಂಡಿಯೂರಿ ಅಗೆಯತೊಡಗಿದಳು.

"ಉಸಿರಾಡ್ತಿದೀಯಾ?"

"ಅದಕ್ಕೂ ನಿನ್ ಅಪ್ಪಣೆ ಬೇಕಾ?"

"ಬೇಕು. ನಿಧಾನಕ್ಕೆ ಬಿಡು. ಬಾಯಿ ಮುಚ್ಕೊಂಡು."

ಅವನ ಕೆನ್ನೆಯ ಹಿಮ ಒರೆಸಲು ಕೈಗವಸು ಕಳಚಿದಳು. ಹಿಮ ಹೋದ ಮೇಲೂ ಆ ಕೈ ಅಲ್ಲೇ ಇತ್ತು.

"ಮರದ ಹಿಮ ನಾನು ಬೀಳಿಸಿದ್ದು ಕಣೋ," ಎಂದಳು. "ಬೆಳಿಗ್ಗೆ ಉದ್ದ ಕೋಲಲ್ಲಿ ಬಡಿದೆ. ಸಾಲಲ್ಲಿ ನಿಲ್ಲೋ ಮಕ್ಕಳ ತಲೆ ಮೇಲೆ ಬೀಳಬಾರದು ಅಂತ. ನಮ್ಮೋರು ಮರ ನೋಡ್ತಾರೆ ಅನ್ನೋದು ನಂಗೆ ನೆನಪೇ ಆಗ್ಲಿಲ್ಲ."

ಔಕಾನನಿಗೆ ಬೇಕಾದದ್ದು ಸಿಕ್ಕಿತ್ತು. ಹಿರಿಯರ ಕಿವಿಗೆ ಈ ಒಂದು ಮಾತು ಹಾಕಿದರೆ ಸಾಕು, ನಾಳೆಯ ಬಸ್ಸಿಗೆ ಅವಳು ಗಂಟುಮೂಟೆ ಕಟ್ಟಬೇಕು.

ಅಷ್ಟರಲ್ಲಿ ಗುಡ್ಡದ ಯಜಮಾನಿಕೆ ನೋಡುವ ಅವನ ಸೋದರಮಾವ ದೊನ್ ಫೆರ್ಮಿನ್ ಏದುಸಿರು ಬಿಡುತ್ತ ಬಂದ. ಮೇಲೆ ಹೋಗಬಹುದೆಂದು ನಿನಗೆ ಹೇಳಿದ್ದು ಯಾರು ಎಂದು ಗುಡುಗಿದ.

"ಯಾರೂ ಹೇಳ್ಲಿಲ್ಲ ಮಾಮ. ಇವಳು ಬೇಡ ಅಂದ್ಲು. ನಾನೇ ಹತ್ತಿದೆ."

ಕಿಂತುರಾಯಿ ಸುಮ್ಮನಿರಬಹುದಿತ್ತು. ಇರಲಿಲ್ಲ. ಕೋಲಿನ ವಿಷಯವನ್ನು ತಾನೇ ಬಿಚ್ಚಿಟ್ಟಳು. ಮುದುಕ ಅವಳನ್ನೂ ನೋಡಿದ, ಇವನನ್ನೂ ನೋಡಿದ. ಇಬ್ಬರನ್ನೂ ಒಟ್ಟಿಗೆ ಓಡಿಸಿದರೆ ಹಿಮ ಎತ್ತಲು ತನ್ನ ಸೊಂಟಕ್ಕೆ ಶಕ್ತಿಯಿಲ್ಲ, ಮಕ್ಕಳು ಚಳಿಯಲ್ಲಿ ಕಾಯುತ್ತಿವೆ, ಊಟದ ಹೊತ್ತಿನೊಳಗೆ ಕೆಳಗೊಂದು ದಾರಿ ಆಗಬೇಕು ಎಂದು ಬೈದು ಇಳಿದುಹೋದ.

ಔಕಾನನನ್ನು ಹಿಮದಿಂದ ಎಳೆದು ತೆಗೆದ ಮೇಲೆ ಇಬ್ಬರೂ ಕೆಳಗೆ ಸಲಿಕೆ ಹಾಕಿದರು. ದಾರಿ ಅರ್ಧ ಆಗುವವರೆಗೆ ಔಕಾನ್ ತಡೆದುಕೊಂಡ.

"ಒಂದ್ ಮಾತು ಹೇಳಿ ಹೋಗೋಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ." ಸಲಿಕೆ ನಿಂತಿತು. "ನೀನು ಬೇಡ ಅಂದಿದ್ರೆ ನಾನು ಹೋಗ್ತಿರ್ಲಿಲ್ಲ. ಇಲ್ಲೇ ಇದ್ದು ಜೀವನಪೂರ್ತಿ ನಿನ್ನ ಬೈಕೊಂಡಿರ್ತಿದ್ದೆ."

ಔಕಾನನ ಸಿಟ್ಟು ಹಾಗೇ ಇತ್ತು. ಸಲಿಕೆ ತುಂಬ ಹಿಮ ಎತ್ತಿ ಅವಳ ಕುತ್ತಿಗೆಗೆ ಎಸೆದ. ಅವಳು ಎರಡು ಸಲಿಕೆ ತಿರುಗಿ ಎಸೆದಳು. ಇದೂ ಒಂದು ಆಟವೆಂದುಕೊಂಡ ಮಕ್ಕಳು ಸಾಲು ಬಿಟ್ಟು ನುಗ್ಗಿ ಇಬ್ಬರ ಮೇಲೂ ಉಂಡೆ ಎಸೆಯತೊಡಗಿದವು. ಬೆನ್ನು ತಿರುಗಿಸಿ, ಬಗ್ಗಿ, ಅವಳು ಅವನ ಕಾಲರನ್ನೇ ಆಸರೆಗೆ ಹಿಡಿದುಕೊಂಡಳು. ನಗುತ್ತಿದ್ದಳು. ಅವನು ನಗಲಿಲ್ಲ.

"ಈ ಸಲನಾದ್ರೂ ಹೇಳಿ ಹೋಗು," ಎಂದ.

"ಹೇಳ್ತಿದೀನಿ, ಕೇಳಿಸ್ಕೋ. ಹೋಗಲ್ಲ."

"ಕೇಳಿಸ್ಲಿಲ್ಲ."

ಬಸ್ಸಿನ ಡ್ರೈವರುಗಳೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಅವಳು ಮತ್ತೊಮ್ಮೆ ಹೇಳಿದಳು.