ಇಪ್ಪತ್ತನಾಲ್ಕು ಹಲ್ಲಿನ ಗುಬುಟು

ಗುಡ್ಡಗಳು ಒಂದನ್ನೊಂದು ಹೆಸರು ಹಿಡಿದು ಕೂಗುತ್ತಿದ್ದ ಕಾಲದಲ್ಲಿ ಸಿಡಿಲಕೋಟೆ ಎಂಬ ರಾಜ್ಯವೊಂದಿತ್ತು. ಅದನ್ನು ಚಂದಲರಾಣಿ ಆಳುತ್ತಿದ್ದಳು. ರಾಜ್ಯಕ್ಕೆ ಹೊಲವಿತ್ತು, ಕೆರೆಯಿತ್ತು, ಒಂದು ಕೇಡೂ ಇತ್ತು. ಕೋಟೆಯಿಂದ ಒಂದು ದಿನದ ನಡಿಗೆ ದೂರದ ಗವಿಯಲ್ಲಿ ಮಬ್ಬಯ್ಯ ಎಂಬ ಮಾಂತ್ರಿಕನಿದ್ದ. ದಿನವೂ ಸಂಜೆ ಅವನು ಬೂದುಬಣ್ಣದ ಮಬ್ಬನ್ನು ಬಿಡುತ್ತಿದ್ದ. ಮಬ್ಬು ಮುಟ್ಟಿದವರ ಧ್ವನಿ ಹೋಗುತ್ತಿತ್ತು. ಹೋದ ಧ್ವನಿಗಳನ್ನು ಅವನು ಸೋರೆಬುರುಡೆಗಳಲ್ಲಿ ತುಂಬಿ ಗವಿಯ ಗೋಡೆಗೆ ನೇತುಹಾಕುತ್ತಿದ್ದ.

ಮಬ್ಬನ್ನು ಓಡಿಸಲು ಕೋಟೆಯ ಬುರುಜಿನಲ್ಲಿ ಒಂದು ಗಿಟಾರು ಇತ್ತು. ರಾಣಿಯ ಅಜ್ಜಿಗೆ ಕಡಲಾಚೆಯ ನಾವಿಕರು ಕೊಟ್ಟದ್ದು. ಬುರುಜಿನ ತುದಿಯ ತಾಮ್ರದ ಕೋಲು ಸಿಡಿಲನ್ನು ಹಿಡಿಯುತ್ತಿತ್ತು, ತಂತಿಯೊಂದು ಅದನ್ನು ಗಿಟಾರಿಗೆ ಇಳಿಸುತ್ತಿತ್ತು. ಗಿಟಾರಿನ ಮೈಮೇಲೆ ಎರಡು ಗುಬುಟುಗಳಿದ್ದವು. ಒಂದನ್ನು ತಿರುಗಿಸಿದರೆ ನಾದ ಏರುತ್ತಿತ್ತು, ಇಳಿಯುತ್ತಿತ್ತು. ಇನ್ನೊಂದನ್ನು ತಿರುಗಿಸಿದರೆ ನಾದ ಮಂದವಾಗುತ್ತಿತ್ತು, ಚೂಪಾಗುತ್ತಿತ್ತು. ನಾದ ಕಡಿಮೆಯಾದರೆ ಮಬ್ಬು ಹೆದರದು. ಹೆಚ್ಚಾದರೆ ಕೋಟೆಯ ಗೋಡೆ ಬಿರಿಯುವುದು. ಆ ಹದ ತಿಳಿದವನು ಒಬ್ಬನೇ, ಸಂಕಜ್ಜ. ನಲವತ್ತು ವರ್ಷ ಒಂದು ಸಂಜೆಯೂ ತಪ್ಪದೆ ಅವನು ಬಾರಿಸಿದ್ದ.

ಅದೇ ಕೋಟೆಯ ಕೆಳಪೇಟೆಯಲ್ಲಿ ದ್ಯಾವೀರಿ ಎಂಬ ಹೆಂಗಸಿದ್ದಳು. ಮರ ಕಡೆಯುವುದು, ಅರಗಿನ ಬಣ್ಣ ಹಾಕುವುದು ಅವಳ ಕಸುಬು. ಹೆಂಗಸರು ಕಡೆತದ ಚಕ್ರ ಮುಟ್ಟಬಾರದು ಎಂದು ಕಡೆಯುವವರು ಅವಳನ್ನು ಓಡಿಸಿದ್ದರು. ಅವರು ಬಿಸಾಡಿದ ತುಂಡುಗಳನ್ನು ಆಯ್ದು, ಮುರಿದ ಚಕ್ರವೊಂದನ್ನು ತಾನೇ ಕಟ್ಟಿ, ಅವಳು ಕಲಿತಳು. ಸಂತೆಯ ಹಲಗೆಗಳನ್ನು ನೋಡಿ ನೋಡಿ ಅಕ್ಷರವನ್ನೂ ಅಂಕಿಯನ್ನೂ ಕಲಿತಳು. ಆಮೇಲೆ ಅಂಗಡಿಯ ಮುಂದೆ ತಾನೇ ಬರೆದು ಹಲಗೆ ಹಾಕಿದಳು: "ದ್ಯಾವೀರಿಯ ಕಣ್ಣಳತೆ ತಪ್ಪದು." ಅಳತೆಗೋಲು ಹಿಡಿದರೆ ಅವಳಿಗೆ ಅವಮಾನ. ಯಾರ ಬುದ್ಧಿಮಾತು ಕೇಳಿದರೂ ಅವಮಾನ.

ಒಂದು ದಿನ ಗಿಟಾರಿನ ಮೊದಲ ಗುಬುಟು ಸವೆದು ಬಿರುಕು ಬಿಟ್ಟಿತು. ರಾಣಿ ದ್ಯಾವೀರಿಗೆ ಹೇಳಿಕಳಿಸಿದಳು. ದ್ಯಾವೀರಿ ಬಂದಳು, ಹಳೆಯ ಗುಬುಟನ್ನು ದೂರದಿಂದ ನೋಡಿದಳು, ಹೋದಳು. ಮಾರನೆಯ ದಿನ ಹೊಸದನ್ನು ತಂದಳು. ಕೆಂಪು ಅರಗಿನದು, ದಾಳಿಂಬೆ ಮೊಗ್ಗಿನ ಹಾಗೆ ಹೊಳೆಯುತ್ತಿತ್ತು. ಜೋಡಿ ಗುಬುಟಿನ ಪಕ್ಕ ಇಟ್ಟರೆ ಅವಳಿಜವಳಿ.

ಸಂಕಜ್ಜ ಅದನ್ನು ತಿರುವಿ ಒಳಗೆ ನೋಡಿದ. "ತಾಯೀ, ಇದರ ಒಳಗಿನ ಹಲ್ಲು ಎಣಿಸಿದೆಯಾ? ಗುಬುಟು ಕೂರೋ ಕಡ್ಡಿಗೂ ಹಲ್ಲಿದೆ. ಇದು ಹೊರಗಿನ ವಾದ್ಯ."

"ಅಜ್ಜಾ, ನೀನು ಬಾರಿಸು. ನಾನು ಕಡೀತೀನಿ. ಈ ಊರಿನ ದೀಪ, ರಾಟೆ, ಗಾಣ, ಎಲ್ಲದರ ಕಡ್ಡಿಗೂ ಹದಿನೆಂಟೇ ಹಲ್ಲು. ನನಗೆ ಗೊತ್ತಿಲ್ವಾ?"

"ಎಣಿಸೋಕೆ ಏನು ಖರ್ಚು?"

"ಕಣ್ಣಿಲ್ಲದವರು ಎಣಿಸ್ತಾರೆ," ಎಂದಳು ದ್ಯಾವೀರಿ. ಸಂಕಜ್ಜನಿಗೆ ಒಂದು ಕಣ್ಣು ಮಂಜಾಗಿತ್ತು. ಅವನು ನಕ್ಕು, ನೀರು ಕುಡಿಯಲು ಕೆಳಗಿಳಿದ.

ಅವಳು ಕಡ್ಡಿಯನ್ನು ನೋಡಿದಳು. ಅದರ ತುದಿ ನಡುವೆ ಸೀಳಿತ್ತು. ಬಿರುಕು ಎಂದುಕೊಂಡಳು. ಮರಗೆಲಸದವಳ ಕೈ ಸುಮ್ಮನಿರದು. ಬಿರುಕಿಗೆ ಅರಗು ಕಾಯಿಸಿ ತುಂಬಿದಳು. ಗುಬುಟು ಇಟ್ಟು ಒತ್ತಿದಳು. ಕೂರಲಿಲ್ಲ. ಅಂಗೈ ಇಟ್ಟು ಒತ್ತಿದಳು. ಕೂರಲಿಲ್ಲ. ಕೊಡತಿ ತೆಗೆದು ಒಂದು ಏಟು ಹಾಕಿದಳು. ಟಕ್ ಎಂದಿತು. ಕಡ್ಡಿ ಬುಡದಲ್ಲೇ ಮುರಿದಿತ್ತು.

ಮೆಟ್ಟಿಲ ಮೇಲೆ ಸಂಕಜ್ಜನ ಹೆಜ್ಜೆ ಕೇಳಿಸಿತು. ದ್ಯಾವೀರಿ ಬುಡಕ್ಕೆ ಮೇಣ ಮೆತ್ತಿ, ಗುಬುಟನ್ನು ನೆಟ್ಟಗೆ ನಿಲ್ಲಿಸಿ, ಸೆರಗು ಕೊಡವಿ ಎದ್ದಳು. "ಆಯ್ತು ಅಜ್ಜಾ," ಎಂದಳು. ಇಳಿದು ಹೋದಳು.

ಸಂಜೆ ಮಬ್ಬು ಬಂತು. ಸಂಕಜ್ಜ ಗುಬುಟು ತಿರುಗಿಸಿದ. ಗುಬುಟು ಅವನ ಕೈಯಲ್ಲಿ ಬಂತು. ಗಿಟಾರು ಒಮ್ಮೆ ಕಿರುಚಿ ಮೂಕಾಯಿತು. ಮಬ್ಬು ಕೆಳಪೇಟೆಗೆ ನುಗ್ಗಿತು. ಮಜ್ಜಿಗೆ ಮಾರುವ ತಿಪ್ಪಕ್ಕನ ಕೂಗು ಮೂರು ಬೀದಿಗೆ ಕೇಳಿಸುತ್ತಿತ್ತು. ಅವಳು "ಮಜ್ಜಿ" ಎಂದಳು, "ಗೆ" ಬರಲಿಲ್ಲ. ತೊಟ್ಟಿಲ ಕೂಸು ಬಾಯಿ ತೆರೆದು ಅಳುತ್ತಿತ್ತು, ಸದ್ದಿರಲಿಲ್ಲ. ದ್ಯಾವೀರಿ ಅಟ್ಟದ ಮೇಲೆ ಹತ್ತಿ ತಪ್ಪಿಸಿಕೊಂಡಳು.

ಬೆಳಿಗ್ಗೆ ರಾಣಿ ಸಭೆ ಕರೆದಳು. ಮಂತ್ರಿ ಕೇಳಿದ: "ಗಿಟಾರು ಮುರಿದ ಕುಂಬಳಕಾಯಿ ಕಳ್ಳ ಯಾರು?" ದ್ಯಾವೀರಿಯ ಕೈ ತಾನಾಗಿ ಹೆಗಲಿಗೆ ಹೋಯಿತು. ಯಾರೂ ನೋಡಲಿಲ್ಲ. ಸಂಕಜ್ಜನ ಒಳ್ಳೆಯ ಕಣ್ಣು ಮಾತ್ರ ನೋಡಿತು.

"ದ್ಯಾವೀರಿ," ರಾಣಿ ಕೇಳಿದಳು, "ನೀನು ಹೋಗುವಾಗ ಗುಬುಟು ಸರಿಯಿತ್ತೇ?"

"ಸರಿಯಿತ್ತು," ಎಂದಳು ದ್ಯಾವೀರಿ.

ರಾಣಿ ಸಂಕಜ್ಜನ ಕಡೆ ತಿರುಗಿದಳು. ಅವನು ತನ್ನ ಅಂಗೈ ನೋಡಿಕೊಂಡು ಹೇಳಿದ: "ಮುದುಕನ ಕೈ, ಜಾರಿರಬಹುದು."

ರಾಣಿಯ ತೀರ್ಪು ಹೀಗಿತ್ತು: ಸಂಕಜ್ಜ ಕೆಳಬಾಗಿಲ ಸೆರೆಯಲ್ಲಿರಬೇಕು. ಮೂರನೆಯ ಸಂಜೆಯೊಳಗೆ ಗಿಟಾರು ಸರಿಯಾಗದಿದ್ದರೆ ಅವನನ್ನು ಮಬ್ಬಿನ ಕಣಿವೆಗೆ ಅಟ್ಟಬೇಕು. ಆ ಕಣಿವೆಗೆ ಹೋದವರು ಮರಳಿದ್ದಿಲ್ಲ.

ಅದೇ ಸಂಜೆ ಮಬ್ಬು ಸೆರೆಯ ಕಿಟಕಿಯಿಂದ ಒಳಗೆ ಹೋಯಿತು. ಸಂಕಜ್ಜನ ಧ್ವನಿ ಹೋಯಿತು. ಸುದ್ದಿ ಕೇಳಿದಾಗ ದ್ಯಾವೀರಿಗೆ ಮೊದಲು ಆದದ್ದು ಸಮಾಧಾನ. ಇನ್ನು ಅಜ್ಜ ಹೇಳಲಾರ. ಆಮೇಲೆ ಆ ಸಮಾಧಾನವನ್ನು ಅವಳೇ ಕಂಡಳು. ಮೈಮೇಲೆ ಹುಳ ಹರಿದಂತಾಯಿತು. ಮುರಿದ ಕಡ್ಡಿಯನ್ನೂ ಅದರ ಬುಡದ ಹಿತ್ತಾಳೆ ಡಬ್ಬಿಯನ್ನೂ ಗಿಟಾರಿನಿಂದ ಬಿಡಿಸಿಕೊಂಡು, ನಸುಕಿನಲ್ಲಿ ಅವಳು ಗವಿಯ ದಾರಿ ಹಿಡಿದಳು. ನಾವಿಕರು ಜೊತೆಗೆ ಕೊಟ್ಟಿದ್ದ, ಕಡ್ಡಿಸಮೇತದ ಬದಲಿ ಡಬ್ಬಿಗಳನ್ನೆಲ್ಲ ಮಬ್ಬಯ್ಯ ಹಿಂದೆಯೇ ಕದ್ದು ಅಲ್ಲಿಟ್ಟಿದ್ದ.

ಗವಿಗೆ ಮೂರು ಬಾಗಿಲು. ಮೊದಲ ಬಾಗಿಲಲ್ಲಿ ಎತ್ತಿನ ಗಾತ್ರದ ಹಿತ್ತಾಳೆ ಮುಳ್ಳುಹಂದಿ ಮಲಗಿತ್ತು.

"ನಿನ್ನ ಕಡ್ಡಿಗೆ ಎಷ್ಟು ಹಲ್ಲು?" ಎಂದಿತು.

"ಹದಿನೆಂಟು," ಎಂದಳು ಅವಳು, ನೋಡದೆ. ಮುಳ್ಳುಗಳು ಎದ್ದು ನಿಂತವು. ಅವಳು ಸೊಂಟದಿಂದ ಕಡ್ಡಿ ತೆಗೆದು, ಉಗುರು ಊರಿ ಒಂದೊಂದೇ ಎಣಿಸಿದಳು. ತನ್ನ ಬದುಕಿನಲ್ಲೇ ಮೊದಲ ಸಲ ಎಣಿಸಿದಳು. "ಇಪ್ಪತ್ತನಾಲ್ಕು."

"ನಿನ್ನ ಗುಬುಟಿಗೆ?"

"ಹದಿನೆಂಟು."

"ಹಾಗಾದರೆ ಹೇಗೆ ಕೂರಿಸಿದೆ?"

ಅವಳ ಕಿವಿ ಬಿಸಿಯಾಯಿತು. "ಕೊಡತಿಯಿಂದ," ಎಂದಳು. ಮುಳ್ಳುಹಂದಿ ಪಕ್ಕಕ್ಕೆ ಸರಿಯಿತು.

ಎರಡನೆಯ ಬಾಗಿಲಲ್ಲಿ ಒಂದು ಬಿಳಿ ಹಾವು ಸುರುಳಿ ಸುತ್ತಿತ್ತು. ಸೀಳುನಾಲಿಗೆ ಚಾಚಿ ಕೇಳಿತು: "ನನ್ನ ನಾಲಿಗೆ ಸೀಳಿದೆ. ಇದು ಗಾಯವೋ, ಹುಟ್ಟುಗುಣವೋ?"

"ಹುಟ್ಟುಗುಣ."

"ನಿನ್ನ ಕಡ್ಡಿಯ ಸೀಳು?"

ದ್ಯಾವೀರಿ ಕಡ್ಡಿಯ ತುದಿಯಿಂದ ಅರಗನ್ನು ಕೆರೆದು ತೆಗೆದಳು. ಸೀಳಿನ ಎರಡು ಬದಿಗಳನ್ನು ಬೆರಳಿಂದ ಹಿಸುಕಿದಳು. ಅವು ಕೂಡಿದವು. ಬಿಟ್ಟಳು, ಅಗಲಿದವು. ಗುಬುಟು ಬಂದಾಗ ಬಾಗಿ ದಾರಿ ಕೊಟ್ಟು, ಆಮೇಲೆ ಒಳಗಿನಿಂದ ಬಿಗಿಹಿಡಿಯಲೆಂದೇ ಆ ಸೀಳು. "ನಾನು ಅದನ್ನು ಮುಚ್ಚಿದೆ," ಎಂದಳು. "ಕಡ್ಡಿ ಬಾಗಲು ಸಿದ್ಧವಿತ್ತು. ಬಾಗದವಳು ನಾನು." ಹಾವು ಹಾದಿ ಬಿಟ್ಟಿತು.

ಮೂರನೆಯ ಬಾಗಿಲೊಳಗೆ ಮಬ್ಬಯ್ಯನೇ ಕೂತಿದ್ದ. ಕರಿಕಂಬಳಿಯೊಳಗೆ ಬೂದು ಹೊಗೆ, ಹೊಗೆಯೊಳಗೆ ಎರಡು ಕಣ್ಣು. ಗೋಡೆಯ ತುಂಬ ಬುರುಡೆಗಳು. ನೆಲದ ತುಂಬ ಡಬ್ಬಿಗಳ ರಾಶಿ.

"ಬಾರಮ್ಮ ಕಣ್ಣಳತೆಯವಳೇ," ಎಂದ. "ನಿನ್ನದಕ್ಕೆ ಹೊಂದುವುದನ್ನು ಆರಿಸಿದರೆ ಕೊಡಲೇಬೇಕು, ಗವಿಯ ಕಟ್ಟಳೆ. ತಪ್ಪಿದರೆ ನಿನ್ನ ಧ್ವನಿ ನನ್ನದು."

ದ್ಯಾವೀರಿ ನೆಲದಲ್ಲಿ ಕೂತಳು. ಒಂದೊಂದು ಡಬ್ಬಿಯ ಕಡ್ಡಿಯ ಹಲ್ಲು ಎಣಿಸಿದಳು. ಸೀಳು ಹಿಸುಕಿ ನೋಡಿದಳು. ಕೊನೆಗೆ ಎರಡು ಡಬ್ಬಿ ಉಳಿದವು, ಕಣ್ಣಿಗೆ ಎಳ್ಳಷ್ಟೂ ಭೇದವಿಲ್ಲ. ತನ್ನ ಮುರಿದ ಡಬ್ಬಿಯನ್ನು ಬಿಚ್ಚಿದಳು. ಒಳಗೆ ಮಸಿಯ ಅರ್ಧಚಂದ್ರ, ಅದರ ಮೇಲೆ ಜಾರುವ ತಾಮ್ರದ ಬೆರಳು. ಮಿಂಚನ್ನು ಎಷ್ಟು ಬಿಡಬೇಕು, ಎಷ್ಟು ತಡೆಯಬೇಕು ಎನ್ನುವುದು ಆ ಮಸಿಯ ಕೆಲಸ. ಡಬ್ಬಿಯ ಬೆನ್ನಿನ ಮೇಲೆ ನಾವಿಕರು ಆ ತಡೆಯ ಅಂಕಿ ಗೀಚಿದ್ದರು: ಐನೂರು. ಉಳಿದ ಎರಡರ ಬೆನ್ನು ನೋಡಿದಳು. ಒಂದರಲ್ಲಿ ಇನ್ನೂರೈವತ್ತು, ಒಂದರಲ್ಲಿ ಐನೂರು. ಐನೂರನ್ನು ಎತ್ತಿಕೊಂಡಳು.

"ಸರಿ," ಎಂದ ಮಬ್ಬಯ್ಯ. "ಆದರೆ ಯೋಚಿಸು. ಅದನ್ನು ಹಾಕಿ ಬಾರಿಸಿದರೆ ಈ ಬುರುಡೆಗಳು ಒಡೆದು ಎಲ್ಲರ ಧ್ವನಿಯೂ ಮರಳುತ್ತದೆ, ಮುದುಕನದೂ. ಅವನು ಬಾಯಿಬಿಟ್ಟರೆ ನಿನ್ನ ಹಲಗೆ ಏನಾಗುತ್ತದೆ? ಇಗೋ, ಮಾಯದ ಗುಬುಟು. ಯಾವ ಕಡ್ಡಿಗೂ ಕೂರುತ್ತದೆ, ಮುರಿದ ಕಡ್ಡಿಗೂ. ಮಿಕ್ಕವರ ಧ್ವನಿಯೆಲ್ಲ ಮರಳಲಿ, ಅವನದೊಂದು ನನಗಿರಲಿ. ಜನ ನುಂಗಿಕೊಂಡ ಮಾತಿನಿಂದ ನಾನು ಮಬ್ಬು ನೇಯುತ್ತೇನೆ. ನಿನ್ನ 'ಸರಿಯಿತ್ತು' ಎಂಬ ಮಾತಿನ ಹಿಂದೆ ನುಂಗಿದ್ದಿದೆಯಲ್ಲ, ನೂರು ವರ್ಷದಲ್ಲಿ ಅಷ್ಟು ದಪ್ಪ ನೂಲು ಸಿಕ್ಕಿರಲಿಲ್ಲ."

ದ್ಯಾವೀರಿಯ ಕೈ ಮಾಯದ ಗುಬುಟಿನ ಕಡೆಗೆ ಚಾಚಿತು. ಅದು ಮಂತ್ರವಲ್ಲ. ಅವಳೇ ಚಾಚಿದಳು. ಹಾಗೆ ಚಾಚುವಾಗ ಅವಳ ತಲೆ ಹೊಸ ಬುರುಡೆಯೊಂದಕ್ಕೆ ತಗುಲಿತು. ಬುರುಡೆಯೊಳಗಿಂದ ಸಣ್ಣಗೆ ಕೇಳಿಸಿತು: "ಮುದುಕನ ಕೈ, ಜಾರಿರಬಹುದು."

ಅವಳು ಕೈ ಹಿಂದಕ್ಕೆ ತೆಗೆದಳು. ಐನೂರರ ಡಬ್ಬಿಯನ್ನು ಸೆರಗಿಗೆ ಕಟ್ಟಿ, ತಿರುಗಿ ನೋಡದೆ ರಾತ್ರಿಯಿಡೀ ನಡೆದಳು.

ಮೂರನೆಯ ದಿನ ಮಧ್ಯಾಹ್ನದವರೆಗೂ ಅವಳು ಚಕ್ರದ ಮುಂದೆ ಕೂತು ಹೊಸ ಗುಬುಟು ಕಡೆದಳು. ಒಳಗೆ ಇಪ್ಪತ್ತನಾಲ್ಕು ಹಲ್ಲು ಕೊರೆದಳು. ಎಣಿಸಿದಳು. ಮತ್ತೆ ಎಣಿಸಿದಳು. ಅದಕ್ಕೆ ಬಣ್ಣ ಹಾಕಲು ಮನಸ್ಸು ಬರಲಿಲ್ಲ.

ಸಂಜೆ ಕೆಳಬಾಗಿಲಲ್ಲಿ ಊರೆಲ್ಲ ಸೇರಿತ್ತು. ಸಂಕಜ್ಜನ ಕೈಗೆ ಹಗ್ಗ ಕಟ್ಟಿದ್ದರು. ಮಬ್ಬು ಕಣಿವೆಯಿಂದ ಏಳುತ್ತಿತ್ತು.

"ದ್ಯಾವೀರಿ ಬದಲಿ ತಂದಿದ್ದಾಳೆ!" ಎಂದ ಮಂತ್ರಿ. "ಮುದುಕ ಕೆಡಿಸಿದ್ದನ್ನು ಸರಿಮಾಡುತ್ತಾಳೆ. ಭಲೇ!"

ದ್ಯಾವೀರಿ ಸುಮ್ಮನೆ ಬುರುಜು ಹತ್ತಬಹುದಿತ್ತು. ಅಜ್ಜ ಆಮೇಲೂ ಹೇಳುವವನಲ್ಲ; ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಕಾಲು ಏಳಲಿಲ್ಲ.

"ಅಜ್ಜ ಕೆಡಿಸಲಿಲ್ಲ," ಎಂದಳು. ಧ್ವನಿ ಸಣ್ಣಗಿತ್ತು. ಮತ್ತೆ ಜೋರಾಗಿ ಹೇಳಿದಳು. "ಕೆಡಿಸಿದವಳು ನಾನು. ಎಣಿಸು ಅಂದ, ಎಣಿಸಲಿಲ್ಲ. ಕೊಡತಿಯಿಂದ ಹೊಡೆದೆ. ಮುರೀತು. ಮೇಣ ಮೆತ್ತಿ ಮುಚ್ಚಿದೆ. ಸರಿಯಿತ್ತು ಅಂತ ಸಭೇಲಿ ಸುಳ್ಳು ಹೇಳಿದೆ. ಅಜ್ಜನ ಧ್ವನಿ ಹೋದಾಗ, ಸದ್ಯ ಬದುಕಿದೆ ಅಂದುಕೊಂಡೆ."

ಕೆಳಪೇಟೆಯವರು ಅವಳನ್ನು ನೋಡಿದರು. ಬೈಯಲು ಅವರಿಗೆ ಧ್ವನಿಯಿರಲಿಲ್ಲ. ತಿಪ್ಪಕ್ಕನ ಬಾಯಿ ತೆರೆಯಿತು, ಮುಚ್ಚಿತು. ಬೈಗುಳವಿಲ್ಲದ ಆ ನೂರು ಮುಖಗಳ ನಡುವೆ ಹಾದು ಬುರುಜಿನ ಮೆಟ್ಟಿಲು ಮುಟ್ಟುವಷ್ಟರಲ್ಲಿ ದ್ಯಾವೀರಿಗೆ ಒಂದು ಆಯುಷ್ಯ ಕಳೆದಂತಾಯಿತು.

ಆದರೆ ಕಣಿವೆಯಲ್ಲಿ ಮಬ್ಬಿನ ದಪ್ಪ ನೂಲೊಂದು ಬಿಚ್ಚಿತ್ತು. ಮಬ್ಬು ಹರಿದ ಕಂಬಳಿಯ ಹಾಗೆ ಅಲ್ಲಲ್ಲಿ ತೂತಾಗುತ್ತಿತ್ತು.

ರಾಣಿ ಹಗ್ಗ ಬಿಚ್ಚಿಸಿದಳು. ಸಂಕಜ್ಜ ಬುರುಜು ಹತ್ತಿದ. ದ್ಯಾವೀರಿ ಡಬ್ಬಿಯನ್ನು ಜೋಡಿಸಿ, ಗುಬುಟನ್ನು ಬೆರಳ ತುದಿಯಿಂದ ಕಡ್ಡಿಯ ಮೇಲಿಟ್ಟಳು. ಒತ್ತಬೇಕಾಗಲಿಲ್ಲ. ಹಲ್ಲಿಗೆ ಹಲ್ಲು ಕೂತಿತು. ಸಂಕಜ್ಜ ತಿರುಗಿಸಿದ, ತಂತಿ ಮೀಟಿದ. ನಾದ ಗೋಡೆ ದಾಟಿ, ಕಣಿವೆ ದಾಟಿ, ಗವಿಯೊಳಗೆ ಹೊಕ್ಕಿತು. ತೂತುಬಿದ್ದ ಮಬ್ಬು ಈ ಸಲ ಹಿಂದೆ ಸರಿಯಲಿಲ್ಲ, ಚೂರುಚೂರಾಯಿತು. ಬುರುಡೆಗಳು ಒಂದೊಂದಾಗಿ ಒಡೆದವು. ಮಬ್ಬಯ್ಯನೂ ಬರೀ ಮಬ್ಬೇ ಆಗಿದ್ದ. ಅವನಿದ್ದ ಜಾಗದಲ್ಲಿ ಕಂಬಳಿ ಮಾತ್ರ ಉಳಿಯಿತು.

ಧ್ವನಿಗಳು ಹಕ್ಕಿಗಳಂತೆ ಮರಳಿದವು. ಮೊದಲು ಕೂಸು ಅತ್ತಿತು. ಆಮೇಲೆ ತಿಪ್ಪಕ್ಕ ಶುರುಮಾಡಿದಳು: "ಲೇ ಕಣ್ಣಳತೆಯೋಳೇ! ನಿನ್ನ ಕಣ್ಣಿಗೆ ಮಜ್ಜಿಗೆ ಹುಯ್ಯ! ಮೂರು ದಿನ ಮೂಕಬಸವನ ಮಾಡಿಟ್ಟೆಯಲ್ಲೇ ನನ್ನ!" ಅವಳ ಹಿಂದೆ ಇಡೀ ಕೆಳಪೇಟೆ ಬೈಯಿತು. ದ್ಯಾವೀರಿ ಬುರುಜಿನ ಮೇಲೆ ತಲೆ ತಗ್ಗಿಸಿ ನಿಂತು, ಒಂದು ಮಾತೂ ಬಿಡದೆ ಕೇಳಿಸಿಕೊಂಡಳು.

ಸಂಕಜ್ಜ ಗಂಟಲು ಸರಿಮಾಡಿಕೊಂಡ. ಎರಡು ದಿನದ ಮೇಲೆ ಅವನ ಮೊದಲ ಮಾತು ಇದು: "ಎಣಿಸಿದೆಯಾ?"

"ಇಪ್ಪತ್ತನಾಲ್ಕು, ಅಜ್ಜಾ," ಎಂದಳು ದ್ಯಾವೀರಿ. ಆಗ ಅವಳಿಗೆ ಅಳು ಬಂತು.

ಅಂದಿನಿಂದ ಸಿಡಿಲಕೋಟೆಯಲ್ಲಿ ಸಂಜೆಯಾದರೆ ಯಾರೂ ಬಾಗಿಲು ಹಾಕಲಿಲ್ಲ. ಸಂಕಜ್ಜ ಕೋಟೆ ಕಾಯಲು ಬಾರಿಸುವುದನ್ನು ಬಿಟ್ಟು ಮದುವೆಗಳಲ್ಲಿ ಬಾರಿಸಿದ. ಎಲ್ಲರೂ ಸುಖವಾಗಿದ್ದರು. ದ್ಯಾವೀರಿಯೂ ಸುಖವಾಗಿದ್ದಳು. ಅವಳ ಅಂಗಡಿಯ ಹಲಗೆಯ ಮೇಲೆ ಈಗ ಬೇರೆ ಅಕ್ಷರಗಳಿದ್ದವು: "ಇಲ್ಲಿ ಎಣಿಸಿ ಮಾಡಲಾಗುವುದು." ಎಣಿಸುವಾಗಲೆಲ್ಲ, ಹದಿನೆಂಟು ಎನ್ನುವಲ್ಲಿಗೆ ಬಂದಾಗ, ಅವಳ ಕಿವಿ ಒಂದಿಷ್ಟು ಕೆಂಪಾಗುತ್ತಿತ್ತು. ಆಮೇಲೆ ಅವಳು ಮುಂದಕ್ಕೆ ಎಣಿಸುತ್ತಿದ್ದಳು.